ಕಲಿಸಿದವರ ಕಾಯಿ

ಚಾಮರಾಜಪೇಟೆಯಲ್ಲಿ ಹಿಂದೆ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಒಂದು ಹಳೇ ಕಟ್ಟಡದಲ್ಲಿ ‘ಕಾಯಿಮನೆ ಗೇಮ್ಸ್’ ಕಂಪನಿ ಇದೆ. ರಮ್ಯಶ್ರೀ ಅಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಫೋನ್ ಎತ್ತುವುದು, ಅವೆನ್ಯೂ ರಸ್ತೆಯ ಅಂಗಡಿಗಳಿಗೆ ಹಾವು-ಏಣಿ ಆಟದ ಹಾಳೆಗಳನ್ನು ಕಟ್ಟು ಕಟ್ಟಿ ಕಳಿಸುವುದು, ಇಷ್ಟೇ ಅವಳ ಕೆಲಸವಾಗಿತ್ತು. ಮಾಲೀಕ ಶೀನಣ್ಣ ಒಳ್ಳೆಯವರು. ಹುಡುಗಿ ಚುರುಕು ಅಂತ ಗೊತ್ತಾದ ಮೇಲೆ ಅವಳನ್ನು ಮಾರಾಟ ವಿಭಾಗಕ್ಕೆ ಹಾಕಿದರು, ಆಮೇಲೆ ಹೊಸ ಆಟಗಳ ವಿಭಾಗಕ್ಕೆ. ಮೊಬೈಲ್ ಬಂದ ಮೇಲೆ ಹಾಳೆ ಹಾಸಿ ಆಡುವ ಆಟ ಯಾರಿಗೆ ಬೇಕು ಎಂದು ಎಲ್ಲರೂ ಕೈಚೆಲ್ಲಿ ಕೂತಿದ್ದಾಗ ಕಂಪನಿಯನ್ನು ಎತ್ತಿ ನಿಲ್ಲಿಸಿದವಳು ಅವಳೇ. ಎತ್ತಿ ನಿಲ್ಲಿಸಿದ್ದು ಒಂದೇ ಒಂದು ಆಟದಿಂದ. ಅದರ ಹೆಸರು ‘ಸುತ್ತುದಾರಿ’. ಪೆಟ್ಟಿಗೆಯ ಹಿಂಬದಿಯಲ್ಲಿ ‘ವಿನ್ಯಾಸ: ರಮ್ಯಶ್ರೀ’ ಎಂದು ಅವಳ ಫೋಟೋ ಸಮೇತ ಅಚ್ಚಾಗಿತ್ತು. ಆ ಆಟ ಮನೆಮನೆಗೂ ಹೋಯಿತು. ಶೀನಣ್ಣ ನಿವೃತ್ತರಾಗುವಾಗ ನಿರ್ದೇಶಕರೆಲ್ಲ ಸೇರಿ ಅವಳನ್ನೇ ಎಂ.ಡಿ. ಮಾಡಿದರು.

ಸಂದರ್ಶನಗಳಲ್ಲಿ ಅವಳು ಒಂದೇ ಮಾತು ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಆಡಿದ ನೆನಪು, ಅಲ್ಲಿಂದ ಹೊಳೆಯಿತು ಎಂದು. ಅವಳ ಅಜ್ಜಿ ಜನ್ಮದಲ್ಲಿ ಕವಡೆ ಮುಟ್ಟಿದವರಲ್ಲ.

ಆಟ ಕಲಿಸಿದ್ದು ಮುನಿಯಕ್ಕ. ಎನ್.ಆರ್. ಕಾಲೋನಿಯ ತಿರುವಿನಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫುಟ್‌ಪಾತಿನ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಅಕ್ಕಪಕ್ಕದ ಹೂವಿನವರನ್ನೂ ಹಣ್ಣಿನವರನ್ನೂ ಕೂರಿಸಿಕೊಂಡು ಆಡುತ್ತಿದ್ದಳು. ನೋಡುವುದಕ್ಕೆ ಚೌಕಾಬಾರದ ಹಾಗೇ, ಆದರೆ ದಾರಿ ಬೇರೆ, ಕಾಯಿ ಹೊಡೆಯುವ ಕ್ರಮ ಬೇರೆ. ರಮ್ಯಶ್ರೀ ಒಂದು ತಿಂಗಳು ದಿನಾ ಹೋಗಿ ಪಕ್ಕದಲ್ಲಿ ಕೂತು ಕಲಿತಳು. ಆಟ ಶುರುವಾಗುವ ಮೊದಲು ಮುನಿಯಕ್ಕ ನಡುಮನೆಯಲ್ಲಿ ಒಂದು ಬೆಣಚುಕಲ್ಲು ಇಟ್ಟು, ತನಗೆ ಆಟ ಕಲಿಸಿದವಳ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದಳು. ಇದೇನು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ:

“ಕಲಿಸ್ದೋರ ಕಾಯಿ ಕಣಮ್ಮ. ಅವ್ರನ್ನ ಕೂರಿಸ್ದೆ ಆಡಿದ್ರೆ ಆಟ ಮುಗ್ಯಲ್ಲ.”

ಆ ಕಾಯಿಯನ್ನು ರಮ್ಯಶ್ರೀ ಕೈಬಿಟ್ಟಳು. ನಿಯಮದ ಹಾಳೆಯಲ್ಲಿ ಅದನ್ನು ವಿವರಿಸುವುದು ಕಷ್ಟ ಎಂದು ಕಚೇರಿಯಲ್ಲಿ ಹೇಳಿದಳು. ಹೆಸರು ಹೇಳುವ ನಿಯಮವಿದ್ದರೆ ಮೊದಲು ತಾನೇ ಒಂದು ಹೆಸರು ಹೇಳಬೇಕಾಗುತ್ತಿತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ. ಪೆಟ್ಟಿಗೆ ಅಂಗಡಿಗೆ ಬಂದ ಮೇಲೆ ಎನ್.ಆರ್. ಕಾಲೋನಿಯ ಆ ತಿರುವಿನಲ್ಲಿ ಹೋಗುವುದನ್ನೇ ಬಿಟ್ಟಳು.

ಎರಡು ವರ್ಷ ಏನೂ ಆಗಲಿಲ್ಲ. ಮೂರನೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ, ತಯಾರಿಕೆ ನೋಡಿಕೊಳ್ಳುವ ಸತೀಶ್ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಅವಳ ಕೋಣೆಗೆ ಬಂದ. ಸುತ್ತುದಾರಿಯ ಪೆಟ್ಟಿಗೆಗಳು ವಾಪಸ್ ಬರುತ್ತಿವೆ ಎಂದ. ಎಲ್ಲರದೂ ಒಂದೇ ದೂರು. ಆಟ ಮುಗಿಯುವುದಿಲ್ಲ. ಕಾಯಿಗಳೆಲ್ಲ ದಾರಿ ಸುತ್ತಿ ನಡುಮನೆಯ ಹೊಸ್ತಿಲಿಗೆ ಬರುತ್ತವೆ, ಒಳಗೆ ಹೋಗಿ ಹಣ್ಣಾಗುವುದಕ್ಕೆ ‘ಒಂದು’ ಬೀಳಬೇಕು, ಆ ಒಂದು ಮಾತ್ರ ಬೀಳುವುದಿಲ್ಲ.

ಕವಡೆಯಲ್ಲೇ ದೋಷವಿರಬೇಕು ಎಂದು ರಮ್ಯಶ್ರೀ ಹೇಳಿದಳು. ಸತೀಶ್ ನಾಲ್ಕು ಕವಡೆ ತೆಗೆದು ಅವಳ ಮೇಜಿನ ಮೇಲೆ ಹಾಕಿದ. ಎರಡು ಬಿತ್ತು, ಒಂದು ಬಿತ್ತು, ಮೂರು ಬಿತ್ತು, ಮತ್ತೆ ಒಂದು. ಆಮೇಲೆ ಆಟದ ಹಾಸು ಬಿಡಿಸಿ, ಹೊಸ್ತಿಲ ಮೇಲೆ ಒಂದು ಕೆಂಪು ಕಾಯಿ ಇಟ್ಟು, ಅದೇ ಕವಡೆಗಳನ್ನು ಹಾಕತೊಡಗಿದ. ರಮ್ಯಶ್ರೀ ಪೆನ್ಸಿಲ್ ಹಿಡಿದು ಗೀಟು ಎಳೆಯುತ್ತಾ ಹೋದಳು. ಇನ್ನೂರು ಸಲ ಹಾಕಿದರೂ ಒಂದು ಬೀಳಲಿಲ್ಲ. ಎರಡು ಬಾರಿ ಒಂದು ಬಿದ್ದೇಬಿಟ್ಟಿತು ಎನ್ನುವಾಗ, ನಿಂತಂತೆ ಕಂಡ ಕವಡೆಯೊಂದು ಯಾರೋ ಬೆರಳ ತುದಿಯಲ್ಲಿ ಮುಟ್ಟಿದ ಹಾಗೆ ನಿಧಾನವಾಗಿ ಮಗುಚಿಕೊಂಡಿತು. ಸತೀಶ್ ಕವಡೆಗಳನ್ನು ಅಲ್ಲೇ ಬಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಗಿರಾಕಿಗಳ ಕರೆ ತೆಗೆದುಕೊಳ್ಳುವ ಮೋನಿಷಾಳನ್ನು ಕರೆಸಿದರು. ಹುಡುಗಿ ಹೇಳಲೋ ಬೇಡವೋ ಎಂದು ತಡವರಿಸಿದಳು. ಮಲ್ಲೇಶ್ವರದಿಂದ ಒಂದು ಮಗು ಅಮ್ಮನ ಫೋನಿಂದ ಮಾತಾಡಿತ್ತಂತೆ.

“ಮಧ್ಯದ ಮನೇಲಿ ಅಜ್ಜಿ ಕೂತಿದಾರಲ್ಲ, ಅವ್ರದ್ದು ಯಾವ ಕಲರ್ ಅಂತ ಕೇಳ್ತು ಮೇಡಂ. ಬುಕ್ಕಲ್ಲಿ ಬರ್ದಿಲ್ಲ ಅಂತು.”

ರಮ್ಯಶ್ರೀ ಸತೀಶನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಮೊದಲ ದೂರು ಯಾವತ್ತು ಬಂತು ಎಂದು ಕೇಳಿದಳು. ಆಗಸ್ಟ್ ಹನ್ನೊಂದು, ಸಂಜೆ. ಅದಕ್ಕೆ ಹಿಂದೆ ಒಂದೂ ಇರಲಿಲ್ಲ.

ಮಧ್ಯಾಹ್ನ ಅವಳು ಡ್ರೈವರನ್ನು ಬಿಟ್ಟು ಆಟೋ ಹಿಡಿದು ಎನ್.ಆರ್. ಕಾಲೋನಿಗೆ ಹೋದಳು. ಮುನಿಯಕ್ಕ ಕೂರುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಹೆಂಗಸು ಕೊತ್ತಂಬರಿ ಹರಡಿಕೊಂಡಿದ್ದಳು. ಮುನಿಯಕ್ಕ ಹೋಗ್ಬಿಟ್ರು, ಭೀಮನ ಅಮಾವಾಸ್ಯೆ ಆದ ಮೇಲೆ ಎಂದು ಅವಳು ಸಹಜವಾಗಿ ಹೇಳಿ, ಮಗಳ ಮನೆ ತ್ಯಾಗರಾಜನಗರದಲ್ಲಿ ಎಲ್ಲಿದೆ ಎಂದು ದಾರಿ ತೋರಿಸಿದಳು.

ಮಗಳ ಹೆಸರು ಆರಾಧನಾ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ, ಆವತ್ತು ರಜೆಯಲ್ಲಿದ್ದಳು. ರಮ್ಯಶ್ರೀ ಯಾರೆಂದು ಹೇಳಿಕೊಳ್ಳುವ ಮೊದಲೇ ಅವಳಿಗೆ ಗೊತ್ತಾಯಿತು. ಪೆಟ್ಟಿಗೆಯ ಹಿಂದೆ ಫೋಟೋ ಇತ್ತಲ್ಲ. ಒಳಗೆ ಕರೆದು ನೀರು ಕೊಟ್ಟಳು. ಗೋಡೆಯ ಮೇಲೆ ಮುನಿಯಕ್ಕನ ಚಿತ್ರ, ಅದರ ಕೆಳಗೆ ತೀರಿಕೊಂಡ ದಿನಾಂಕ. ಆಗಸ್ಟ್ ಹನ್ನೊಂದು.

ರಮ್ಯಶ್ರೀ ನೀರಿನ ಲೋಟ ಕೆಳಗಿಟ್ಟಳು. ಆಮೇಲೆ ಒಂದೂ ಮುಚ್ಚಿಡದೆ ಎಲ್ಲ ಹೇಳಿದಳು. ಅಜ್ಜಿಯ ಸುಳ್ಳು, ಕೈಬಿಟ್ಟ ಕಾಯಿ, ಮಗುಚಿಕೊಂಡ ಕವಡೆ, ಮಲ್ಲೇಶ್ವರದ ಮಗು. ಆರಾಧನಾಳಿಗೆ ಆಶ್ಚರ್ಯ ಆದಂತೆ ಕಾಣಲಿಲ್ಲ. ಜುಲೈನಲ್ಲಿ ಪಕ್ಕದ ಮನೆಯವರು ಆ ಪೆಟ್ಟಿಗೆ ತಂದಿದ್ದರಂತೆ. ಅಮ್ಮ ಹಾಸಿಗೆಯ ಮೇಲೆ ಅದನ್ನು ಬಿಡಿಸಿಕೊಂಡು ಕಾಯಿಗಳನ್ನು ಮತ್ತೆ ಮತ್ತೆ ಎಣಿಸಿದ್ದಳಂತೆ.

“ಬೈತಾರೇನೋ ಅಂದ್ಕೊಂಡೆ. ಬೈಲಿಲ್ಲ,” ಎಂದಳು ಆರಾಧನಾ. “‘ಆ ಹುಡುಗಿ ನನ್ನನ್ನ ಎಲ್ಲೂ ಕೂರಿಸಿಲ್ಲ ಕಣೇ, ನಾನೇ ಹೋಗಿ ಕೂತ್ಕೋಬೇಕು’ ಅಂದ್ರು. ಜ್ವರದಲ್ಲಿ ಏನೋ ಅಂತಾರೆ ಅಂತ ಸುಮ್ನಾದೆ.”

ರಮ್ಯಶ್ರೀ ತಲೆಯೆತ್ತಲಿಲ್ಲ. ಈಗ ನಾನೇನು ಮಾಡಲಿ ಎಂದು ಕೇಳಿದಳು. ನನ್ನನ್ನ ಯಾಕೆ ಕೇಳ್ತೀರಾ, ನಿಮಗೇ ಗೊತ್ತಿದೆಯಲ್ಲ ಎಂದಳು ಆರಾಧನಾ.

ಸೋಮವಾರ ನಿರ್ದೇಶಕರ ಸಭೆ ಕರೆದು, ಸುತ್ತುದಾರಿ ತನ್ನದಲ್ಲ ಎಂದು ರಮ್ಯಶ್ರೀ ಎದ್ದು ನಿಂತು ಹೇಳಿದಳು. ಕವಡೆಯ ವಿಷಯ ಎತ್ತಲಿಲ್ಲ, ಎತ್ತಿದ್ದರೆ ಉಳಿದದ್ದನ್ನೂ ಯಾರೂ ನಂಬುತ್ತಿರಲಿಲ್ಲ. ಶೀನಣ್ಣ ಆವತ್ತು ಅತಿಥಿಯಾಗಿ ಬಂದು ಕೂತಿದ್ದರು. ಅವರು ಕನ್ನಡಕ ತೆಗೆದು, ನನಗಾದರೂ ಒಂದು ಮಾತು ಹೇಳಬಹುದಿತ್ತು ಎಂದರು. ಆ ಮಾತು ಅವಳಿಗೆ ಉಳಿದೆಲ್ಲದಕ್ಕಿಂತ ಹೆಚ್ಚು ನಾಟಿತು. ಪೆಟ್ಟಿಗೆಯ ಮೇಲೆ ಮುನಿಯಕ್ಕನ ಹೆಸರು ಬಂತು. ಐದನೆಯ ಬಣ್ಣದಲ್ಲಿ, ಬಿಳಿಯದರಲ್ಲಿ, ಒಂದೇ ಒಂದು ಕಾಯಿ ಸೇರಿತು. ಅದನ್ನು ನಡುಮನೆಯಲ್ಲಿಟ್ಟು ಕಲಿಸಿದವರ ಹೆಸರು ಹೇಳಿ ಆಟ ಶುರುಮಾಡಿ ಎಂದು ನಿಯಮದ ಹಾಳೆಯ ಮೊದಲ ಸಾಲಿನಲ್ಲೇ ಅಚ್ಚು ಹಾಕಿದರು. ಆರಾಧನಾಳ ಸಹಿ ಇಲ್ಲದೆ ಇನ್ನು ಆ ಆಟ ಅಚ್ಚಾಗಬಾರದು ಎಂದು ಪತ್ರವೂ ಆಯಿತು. ಎಂ.ಡಿ. ಕುರ್ಚಿ ಮಾರ್ಚ್ ಹೊತ್ತಿಗೆ ರವಿಕುಮಾರ್ ಎಂಬವರಿಗೆ ಹೋಯಿತು. ರಮ್ಯಶ್ರೀಯನ್ನು ಹೊಸ ಆಟಗಳ ವಿಭಾಗಕ್ಕೇ ವಾಪಸ್ ಕಳಿಸಿದರು. ಅವಳು ಬೇಡ ಎನ್ನಲಿಲ್ಲ.

ಹೊಸ ಪೆಟ್ಟಿಗೆ ಹೋದ ಮೇಲೆ ದೂರುಗಳು ನಿಂತವು. ಮಲ್ಲೇಶ್ವರದ ಮಗುವಿನ ತಾಯಿಗೆ ಮೋನಿಷಾ ತಾನಾಗಿಯೇ ಫೋನ್ ಮಾಡಿದಳು. ಈಗ ಸರಿಹೋಯಿತು, ಆದರೆ ಮಗು ಬಿಳಿ ಕಾಯಿಗೂ ಒಂದು ಲೋಟ ಹಾಲು ಕೇಳುತ್ತದೆ ಎಂದು ಆಕೆ ನಕ್ಕರಂತೆ.

ಕಚೇರಿಯಲ್ಲಿ ಶನಿವಾರ ಮಧ್ಯಾಹ್ನ ಎಲ್ಲರೂ ಕೂತು ಆಟ ಆಡಿ ನೋಡುವ ಪದ್ಧತಿ. ಏಪ್ರಿಲ್‌ನ ಒಂದು ಶನಿವಾರ, ಹೊಸದಾಗಿ ಸೇರಿದ ಲಾಸ್ಯಾ ಎಂಬ ಹುಡುಗಿ ಸುತ್ತುದಾರಿ ಕಲಿಸಿಕೊಡಿ ಎಂದು ರಮ್ಯಶ್ರೀಯ ಬೆನ್ನು ಬಿದ್ದಳು. ಸತೀಶ್, ಮೋನಿಷಾ ಕೂಡ ಕೂತರು. ಬಿಳಿ ಕಾಯಿ ಇಟ್ಟು ರಮ್ಯಶ್ರೀಯೇ ಹೆಸರು ಹೇಳಿದಳು. ಗರ ಚೆನ್ನಾಗಿ ಬಿದ್ದವು. ಮೊದಲು ಲಾಸ್ಯಾಳ ಕಾಯಿಗಳು ಹಣ್ಣಾದವು, ಆಮೇಲೆ ಮೋನಿಷಾಳದು, ಆಮೇಲೆ ಸತೀಶನದು. ರಮ್ಯಶ್ರೀಯ ಕೊನೆಯ ಕಾಯಿ ಹೊಸ್ತಿಲಲ್ಲಿ ನಿಂತಿತು. ಎರಡು. ಮೂರು. ಚೌಕ. ಎರಡು. ಸತೀಶ್ ಅವಳ ಮುಖ ನೋಡಿ, ಸಾಕು ಬಿಡಿ ಮೇಡಂ ಎಂದ. ನೀವು ಕಾಫಿ ಕುಡಿದು ಬನ್ನಿ ಎಂದು ಅವಳು ಮೂವರನ್ನೂ ಕಳಿಸಿದಳು.

ಕಿಟಕಿಯಿಂದ ಬಿಸಿಲು ಬರುತ್ತಿತ್ತು. ರಸ್ತೆಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು. ಅವಳು ಇನ್ನೂ ಹತ್ತಿಪ್ಪತ್ತು ಸಲ ಹಾಕಿದಳು. ಕೊನೆಯ ಸಲ ಒಂದು ಕವಡೆ ಅಂಚಿನ ಮೇಲೆ ನಿಂತು, ತುಸು ಯೋಚಿಸಿದ ಹಾಗೆ ಮಾಡಿ, ಮೆಲ್ಲಗೆ ಮಗುಚಿಕೊಂಡಿತು. ಈ ಸಲ ಅವಳಿಗೆ ಹೆದರಿಕೆಯಾಗಲಿಲ್ಲ. ಕವಡೆಗಳನ್ನು ಒಟ್ಟು ಮಾಡಿ ಹಾಸಿನ ಆಚೆ ಬದಿಗೆ ತಳ್ಳಿದಳು.

“ಸರಿ ಮುನಿಯಕ್ಕ,” ಎಂದಳು. “ಈಗ ನೀವು ಹಾಕಿ.”