ಭಟ್ಟಿಯ ಮುನಿಸು

ನಮ್ಮ ಮನೆಯಲ್ಲಿ ಏನೇ ತಪ್ಪಾದರೂ ಅದನ್ನು ಮಡಕೆ ಸುಡುವ ಭಟ್ಟಿಯ ತಲೆಗೆ ಕಟ್ಟುವುದು ರೂಢಿ. ಹೂಜಿ ಸೊಟ್ಟಗಾದರೆ ಭಟ್ಟಿಗೆ ಮುನಿಸು, ಮೆರುಗು ಮಂಕಾದರೆ ಭಟ್ಟಿಗೆ ಮುನಿಸು. ಒಮ್ಮೆ ಅಣ್ಣ ಹೂಕುಂಡವೊಂದನ್ನು ಕಾಲ ಮೇಲೆ ಬೀಳಿಸಿಕೊಂಡಾಗಲೂ ಅಪ್ಪ ಭಟ್ಟಿಯ ಇಟ್ಟಿಗೆ ಗೋಡೆಯನ್ನೇ ದುರುಗುಟ್ಟಿ ನೋಡಿದ್ದರು. ಬಾಯಿಲ್ಲದ ಭಟ್ಟಿಗೆ ಇಷ್ಟೊಂದು ಬೈಗುಳ ಯಾಕೆ ಎಂದು ನಾನು ಚಿಕ್ಕಂದಿನಿಂದ ಕೇಳುತ್ತಲೇ ಬಂದೆ. ಅದಕ್ಕೇ ಮನೆಯಲ್ಲಿ ನನಗೆ ‘ತಕರಾರು’ ಎಂದು ಹೆಸರು. ಮದುವೆಯಾಗಿ ಪಕ್ಕದ ಬೀದಿಗೆ ಹೋದರೂ ಹೆಸರು ಹೋಗಲಿಲ್ಲ, ಭಟ್ಟಿಯ ಕೆಲಸವೂ ಬಿಡಲಿಲ್ಲ.

ಹಸಿ ಮಣ್ಣು ಒಣಗಿ ಬೇಯುವಷ್ಟರಲ್ಲಿ ಕುಗ್ಗುತ್ತದೆ. ನಮ್ಮ ಮಣ್ಣು ಉದ್ದದಲ್ಲೂ ಅಗಲದಲ್ಲೂ ಎಂಟರಲ್ಲೊಂದು ಪಾಲು ಕುಗ್ಗುತ್ತದೆ. ಇದು ತಾತನ ಕಾಲದಿಂದ ಗೊತ್ತಿರುವ ಸಂಗತಿ. ಅದಕ್ಕೆಂದೇ ತಾತ ಒಂದು ಮರದ ಅಳತೆ ಕೋಲು ಮಾಡಿದ್ದರು. ಅದರ ಒಂದು ಬದಿಯಲ್ಲಿ ಬೆಂದ ಮೇಲೆ ಬೇಕಾದ ಅಳತೆಯ ಗೀರು. ಇನ್ನೊಂದು ಬದಿಯಲ್ಲಿ, ಅದಕ್ಕೆ ಅದರದೇ ಎಂಟನೇ ಒಂದು ಪಾಲು ಸೇರಿಸಿ, ಹಸಿಯಾಗಿ ಕೊಯ್ಯಬೇಕಾದ ಅಳತೆಯ ಗೀರು. ಎಂಟರಲ್ಲೊಂದು ಹೋಗುತ್ತದೆ, ಆದ್ದರಿಂದ ಎಂಟರಲ್ಲೊಂದು ಸೇರಿಸು. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ ನೋಡಿ. ಅಪ್ಪ ಆ ಕೋಲನ್ನು ತಾವು ಮಲಗುವ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ್ದರು.

ಪೇಟೆಯ ಗೋಪುರದ ಗಡಿಯಾರಕ್ಕೆ ಹೊಸ ಅಂಕಿಗಳು ಬೇಕಾದಾಗ ಆ ಕೆಲಸ ನಮ್ಮ ಮನೆಗೆ ಬಂತು. ಹಳೆಯ ಬಿಲ್ಲೆಗಳೆಲ್ಲ ಒಡೆದುಹೋಗಿ, ಮುಳ್ಳುಗಳು ಖಾಲಿ ಚೌಕಟ್ಟುಗಳ ಮುಂದೆ ಸುಮ್ಮನೆ ಸುತ್ತುತ್ತಿದ್ದವು. ಹನ್ನೆರಡು ಕಬ್ಬಿಣದ ಚೌಕಟ್ಟು, ಒಂದೊಂದರೊಳಗೆ ಒಂದು ಸುಟ್ಟ ಮಣ್ಣಿನ ಬಿಲ್ಲೆ, ಬಿಲ್ಲೆಯ ಮೇಲೆ ಅಮ್ಮ ಬರೆಯುವ ಅಂಕಿ. ಬಿಲ್ಲೆ ಮೂವತ್ತೈದು ಸೆಂಟಿಮೀಟರ್ ಚೌಕ ಇರಬೇಕು. ಅಪ್ಪನ ಖುಷಿ ಹೇಳತೀರದು. ಅವರು ಮಾಡಿದ್ದನ್ನು ಅಷ್ಟು ಎತ್ತರದಲ್ಲಿ ಯಾರೂ ಯಾವತ್ತೂ ಇಟ್ಟಿರಲಿಲ್ಲ.

ಮೊದಲ ಸಲ ಬೆಂದು ಬಂದ ಬಿಲ್ಲೆಗಳೆಲ್ಲ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚೇ ಚಿಕ್ಕದಾಗಿದ್ದವು. ಗಡಿಯಾರ ರಿಪೇರಿಯವರು ಒಂದನ್ನು ಚೌಕಟ್ಟಿನಲ್ಲಿಟ್ಟು ಅಲ್ಲಾಡಿಸಿ ತೋರಿಸಿದರು.

“ಇದು ಕೂರಲ್ಲ ಸ್ವಾಮಿ. ಈ ಕಡೆ ಅಂಚಿಗೆ ಸರಿಸಿದ್ರೆ ಆ ಕಡೆ ಅಂಚಿಂದ ಜಾರತ್ತೆ. ಕೆಳಗಡೆ ಜನ ಓಡಾಡ್ತಾರೆ.”

“ಭಟ್ಟಿ ಮುನಿಸ್ಕೊಂಡಿದೆ,” ಎಂದರು ಅಪ್ಪ. ಮುನಿಸು ತಣಿಸಲು ಬೇರೆ ಸೌದೆ ತಂದರು, ಮಣ್ಣನ್ನು ಎರಡು ಸಲ ಶೋಧಿಸಿದರು, ಬೆಂಕಿಯನ್ನು ನಿಧಾನವಾಗಿ ಏರಿಸಿದರು. ಎರಡನೇ ಸಲವೂ ಬಿಲ್ಲೆಗಳು ಚಿಕ್ಕದಾದವು. ರಿಪೇರಿಯವರು ಮೆತ್ತಗಿನ ಮನುಷ್ಯ. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಬಿಲ್ಲೆಗಳನ್ನು ತಗಡಿನಲ್ಲಿ ಕೊಯ್ಯಿಸಿ ಬಣ್ಣ ಹೊಡೆಸುತ್ತೇನೆ ಎಂದು ಹೇಳಿ ಹೋದರು.

ಅವರು ಆಚೆ ಹೋಗುತ್ತಲೇ ಅಣ್ಣ ಟೇಪು ತೆಗೆದು ಭಟ್ಟಿಯ ಶೆಡ್ಡನ್ನು ಅಳೆಯತೊಡಗಿದ. ಅದನ್ನು ಸಿಮೆಂಟಿನ ಗೋದಾಮು ಮಾಡಬೇಕೆಂದು ಅವನಿಗೆ ಬಹಳ ದಿನದ ಆಸೆ.

“ಈ ಸಲಾನೂ ಕೈಕೊಟ್ರೆ ಕೆಡವಿಬಿಡೋಣ ಅಪ್ಪ. ಎಷ್ಟು ದಿನ ಅಂತ ಇದರ ಕೋಪ ಸಹಿಸ್ಕೊಳ್ಳೋದು?”

ಅಪ್ಪ ರೇಗಲಿಲ್ಲ. ಆಗಲಿ ಎನ್ನುವ ಹಾಗೆ ತಲೆಯಾಡಿಸಿದರು. ಅದನ್ನು ಕಂಡು ನನಗೆ ಸಿಟ್ಟು ಬಂತು. ಆ ಭಟ್ಟಿ ಬಿದ್ದರೆ ಅಪ್ಪ ಎದ್ದು ನಿಲ್ಲುವುದು ಕಷ್ಟ ಎಂದು ನನಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು, ಗೋದಾಮು ಅವನ ಕಣ್ಣಿಗೆ ಅಡ್ಡ ಬಂದಿತ್ತು ಅಷ್ಟೆ.

ಸಿಟ್ಟು ಬಂದರೆ ನನಗೆ ಕೈಗೆ ಕೆಲಸ ಬೇಕು. ಎರಡೂ ಸಲದ ಬಿಲ್ಲೆಗಳನ್ನು ಅಂಗಳಕ್ಕೆ ತಂದು ಅಕ್ಕಪಕ್ಕ ಜೋಡಿಸಿದೆ. ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುತ್ತಿತ್ತು. ಸೌದೆ ಬೇರೆ, ಬೆಂಕಿ ಬೇರೆ, ಆದರೂ ಕೊರತೆ ಒಂದೇ. ಮುನಿಸಿಕೊಂಡವರು ಎರಡು ಸಲವೂ ಅಳೆದು ತೂಗಿ ಒಂದೇ ಪ್ರಮಾಣದಲ್ಲಿ ಮುನಿಸಿಕೊಳ್ಳುತ್ತಾರೆಯೇ? ನಾನಂತೂ ಇಲ್ಲ. ಹಾಗಾದರೆ ಇದು ಕೋಪವಲ್ಲ, ಲೆಕ್ಕ.

ಅಲ್ಲಿಯೇ ನೆಲದ ಮೇಲೆ ಬರೆದು ನೋಡಿದೆ. ಮೂವತ್ತೈದರ ಎಂಟನೇ ಪಾಲು ನಾಲ್ಕೂ ಕಾಲಿಗಿಂತ ತುಸು ಹೆಚ್ಚು. ತಾತನ ಕೋಲಿನ ಪ್ರಕಾರ ಅಷ್ಟನ್ನು ಸೇರಿಸಿ ಹಸಿ ಬಿಲ್ಲೆ ಕೊಯ್ದಿದ್ದೆವು. ಸೇರಿಸಿದ ಆ ನಾಲ್ಕೂ ಚಿಲ್ಲರೆ ಭಟ್ಟಿಯ ಹೊರಗೆ ಕೂತಿರುತ್ತದೆಯೇ? ಅದೂ ಮಣ್ಣೇ, ಅದೂ ಒಳಗೇ ಬೇಯುತ್ತದೆ, ಅದರಲ್ಲೂ ಎಂಟರಲ್ಲೊಂದು ಕುಗ್ಗುತ್ತದೆ. ನಾಲ್ಕೂ ಚಿಲ್ಲರೆಯ ಎಂಟನೇ ಪಾಲು ಎಂದರೆ ಅರ್ಧಕ್ಕಿಂತ ತುಸು ಹೆಚ್ಚು. ನಮ್ಮ ಬಿಲ್ಲೆಗಳ ಕೊರತೆ ಸರಿಯಾಗಿ ಅಷ್ಟೇ. ನಾನು ಅಂಗಳದಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಅಮ್ಮ ಕಿಟಕಿಯಿಂದ ಇಣುಕಿ, ಬಿಸಿಲು ನೆತ್ತಿಗೇರಿತೇನೋ ಎಂಬಂತೆ ನೋಡಿದರು.

ಅಪ್ಪನಿಗೆ ಹೇಳಿದರೆ ಅವರು ತಾತನ ಕೋಲು ಹಿಡಿದುಕೊಂಡು ಬಂದರು.

“ನಮ್ಮಪ್ಪ ಹಾಕಿದ ಗೀರು ಕಣೇ ಇದು. ನಿನ್ನ ತಕರಾರು ಇದರ ಹತ್ರ ಬೇಡ.”

ನಾನು ವಾದ ಮಾಡಲಿಲ್ಲ. ಹಸಿ ಮಣ್ಣನ್ನು ಲಟ್ಟಿಸಿ, ಸಮನಾಗಿ ಎಂಟು ಪಟ್ಟಿ ಕೊಯ್ದು, ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಒಂದನ್ನು ತೆಗೆದು ನೀರಿನ ಬಕೆಟ್ಟಿಗೆ ಹಾಕಿದೆ.

“ಎಷ್ಟು ಹೋಯ್ತು ಅಪ್ಪ?”

“ಎಂಟರಲ್ಲೊಂದು.”

“ಈಗ ಇರೋದು ಎಷ್ಟು?”

“ಏಳು. ನನ್ನೇನು ಶಾಲೆಗೆ ಸೇರಿಸ್ತಿದೀಯಾ?”

“ಮತ್ತೆ ಎಂಟಾಗೋಕೆ ಎಷ್ಟು ಪಟ್ಟಿ ಸೇರಿಸ್ಬೇಕು?”

“ಒಂದು.”

“ಆ ಒಂದು, ಇಲ್ಲಿರೋ ಏಳರಲ್ಲಿ ಎಷ್ಟನೇ ಪಾಲು?”

ಅಪ್ಪ ಹಲಗೆಯ ಮೇಲಿನ ಪಟ್ಟಿಗಳನ್ನು ಬೆರಳಿಟ್ಟು ಎಣಿಸಿದರು.

“ಏಳರಲ್ಲೊಂದು,” ಎಂದರು ಮೆಲ್ಲಗೆ.

“ಹೋಗೋದು ಹಸಿ ಅಳತೆಯಲ್ಲಿ ಎಂಟರಲ್ಲೊಂದು. ನಾವು ಸೇರಿಸೋದು ಬೆಂದ ಅಳತೆಗೆ, ಅದಕ್ಕೆ ಏಳರಲ್ಲೊಂದು ಬೇಕು. ಮೂವತ್ತೈದರಲ್ಲಿ ಏಳನೇ ಪಾಲು ಐದು. ಹಸಿ ಬಿಲ್ಲೆ ನಲವತ್ತು ಕೊಯ್ಯೋಣ. ನಲವತ್ತರಲ್ಲಿ ಎಂಟನೇ ಪಾಲೂ ಐದೇ. ಭಟ್ಟಿ ತನ್ನ ಐದು ತಿನ್ಲಿ, ನಮ್ಮ ಮೂವತ್ತೈದು ಕೊಡ್ಲಿ.”

“ಹಂಗಾದ್ರೆ ನಮ್ಮಪ್ಪನಿಗೆ ಯಾಕೆ ತಿಳೀಲಿಲ್ಲ?” ಅವರ ದನಿ ಸಣ್ಣಗಾಗಿತ್ತು. ನನ್ನ ಸಿಟ್ಟೆಲ್ಲ ಕರಗಿಹೋಯಿತು.

“ತಾತ ಮಾಡಿದ್ದು ಹೂಜಿ, ಕುಂಡ. ಹೂಜಿ ಒಂದು ಚೂರು ಚಿಕ್ಕದಾದ್ರೆ ಯಾರು ಅಳೀತಾರೆ? ಮುಚ್ಚಳಾನೂ ಹೂಜಿ ಜೊತೇಲೇ ಕುಗ್ಗತ್ತೆ, ಸರಿಯಾಗೇ ಕೂರತ್ತೆ. ಕಬ್ಬಿಣದ ಚೌಕಟ್ಟು ಅವರ ಎದುರು ಬಂದೇ ಇರಲಿಲ್ಲ ಅಪ್ಪ.”

ಅಪ್ಪ ಅಂಗಿಯ ತೋಳು ಮಡಚಿ, “ನಲವತ್ತೇ ಕೊಯ್ಯಿ,” ಎಂದರು.

ಶೋಧಿಸಿದ ಮಣ್ಣು ಉಳಿದದ್ದು ಹದಿನಾಲ್ಕು ಬಿಲ್ಲೆಗೆ ಮಾತ್ರ. ನಮ್ಮಲ್ಲಿ ಸಾಮಾನ್ಯವಾಗಿ ಆರಕ್ಕೊಂದು ಬಿರಿಯುತ್ತದೆ. ಅಣ್ಣ ಅದನ್ನೇ ಹಿಡಿದುಕೊಂಡ.

“ಹದಿನಾಲ್ಕರಲ್ಲಿ ಆರನೇ ಪಾಲು ಎರಡೂ ಚಿಲ್ಲರೆ. ಉಳಿಯೋದು ಹನ್ನೊಂದೂ ಚಿಲ್ಲರೆ. ಹನ್ನೆರಡನೇದು ಎಲ್ಲಿಂದ ತರ್ತೀಯಾ?”

“ಚಿಲ್ಲರೆ ಬಿಲ್ಲೆ ಯಾವ ಭಟ್ಟಿಯಿಂದಲೂ ಬರಲ್ಲ ಅಣ್ಣ. ಆರಕ್ಕೊಂದು ಅನ್ನೋದು ಸರಾಸರಿ. ಒಂದ್ಸಲ ಮೂರು ಹೋಗಬಹುದು, ಇನ್ನೊಂದ್ಸಲ ಒಂದೂ ಹೋಗದೆ ಇರಬಹುದು. ಬಾಗಿಲು ತೆಗೆದ ಮೇಲೆ ಮಾತಾಡೋಣ.”

ಧೈರ್ಯವೆಲ್ಲ ಬಾಯಲ್ಲಷ್ಟೇ ಇತ್ತು. ಭಟ್ಟಿಯ ಬಾಗಿಲಿನ ಇಟ್ಟಿಗೆಗಳನ್ನು ಅಪ್ಪ ಒಂದೊಂದಾಗಿ ಬಿಚ್ಚಿದರು. ಮೊದಲು ಕೈಗೆ ಸಿಕ್ಕಿದ್ದೇ ಬಿರಿದದ್ದು. ಅಣ್ಣ ನಿಟ್ಟುಸಿರು ಬಿಟ್ಟ. ಅದರ ಹಿಂದಿನದು ನೆಟ್ಟಗಿತ್ತು. ಅದರ ಹಿಂದಿನದೂ ನೆಟ್ಟಗಿತ್ತು. ಕೊನೆಯದನ್ನು ಹೊರಗಿಟ್ಟಾಗ ಸರಿಯಾದವು ಹದಿಮೂರು. ಅಪ್ಪ ಟೇಪಿಗಾಗಿ ಕೈಚಾಚಿದರು, ಅಣ್ಣ ಗೋದಾಮಿನ ಟೇಪನ್ನೇ ಕೊಡಬೇಕಾಯಿತು. ಮೂವತ್ತೈದು. ತಿರುಗಿಸಿ ಅಳೆದರೂ ಮೂವತ್ತೈದು. ಅಮ್ಮ ಅಂದೇ ಕುಂಚ ತೊಳೆದು ಅಂಕಿ ಬರೆಯಲು ಕೂತರು.

ಗೋಪುರಕ್ಕೆ ರಿಪೇರಿಯವರ ಜೊತೆ ಅಪ್ಪನೂ ನಾನೂ ಹತ್ತಿದೆವು. ಒಂದು ಎಂಬ ಅಂಕಿಯ ಬಿಲ್ಲೆಯನ್ನು ಅಪ್ಪನೇ ಚೌಕಟ್ಟಿಗೆ ಒತ್ತಿದರು. ಬಿಲ್ಲೆ ಒಳಗೆ ಸರಿದು ಟಪ್ಪೆಂದು ಕೂತಿತು. ರಿಪೇರಿಯವರು ನಾಲ್ಕು ಮೂಲೆಗೂ ಹೆಬ್ಬೆರಳಿಟ್ಟು ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ.

“ಮುಂದಿನದು ಕೊಡಿ,” ಎಂದರು.

ಎರಡು ಕೂತಿತು, ಮೂರು ಕೂತಿತು. ಹನ್ನೆರಡನ್ನು ಅಪ್ಪ ನನ್ನ ಕೈಯಿಂದಲೇ ಇಡಿಸಿದರು. ಕೆಳಗೆ ಬೀದಿಯಲ್ಲಿ ಜನ ನಿಂತು ಮೇಲೆ ನೋಡುತ್ತಿದ್ದರು. ಅವರ ನಡುವೆ ಅಣ್ಣ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದ, ಗೋದಾಮನ್ನು ಮರೆತೇಬಿಟ್ಟವನ ಹಾಗೆ. ನನಗೆ ಅಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಗಂಡನಿಗೂ ಹೇಳಿದ್ದೇನೆ.

ಮನೆಗೆ ಬಂದರೆ ಅಮ್ಮ ಹದಿಮೂರನೇ ಬಿಲ್ಲೆಯ ಮೇಲೆ ಚಹಾದ ಪಾತ್ರೆ ಇಟ್ಟು ಕಾಯುತ್ತಿದ್ದರು. ಅಪ್ಪ ಚಹಾ ಮುಟ್ಟಲಿಲ್ಲ. ಕೋಣೆಗೆ ಹೋಗಿ ತಾತನ ಕೋಲನ್ನು ಮೊಳೆಯಿಂದ ಇಳಿಸಿ ತಂದರು. ಹಸಿ ಅಳತೆಯ ಬದಿಯನ್ನು ಉಜ್ಜುಗೊರಡಿನಿಂದ ನಯವಾಗುವವರೆಗೆ ಉಜ್ಜಿದರು. ಹಳೆಯ ಗೀರುಗಳು ಹೊಟ್ಟಾಗಿ ಅವರ ಮಡಿಲಿಗೆ ಬಿದ್ದವು. ಅವರ ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಅರಳಿತ್ತು. ಕೋಲನ್ನೂ ಚಾಕುವನ್ನೂ ನನ್ನ ಮುಂದಿಟ್ಟರು.

“ಗೀರು ನೀನೇ ಹಾಕು. ಏಳರಲ್ಲೊಂದು. ತಕರಾರು ಏನಾದ್ರೂ ಇದ್ರೆ ಈಗ್ಲೇ ಹೇಳಿಬಿಡು.”

ಇರಲಿಲ್ಲ. ಚಾಕು ತೆಗೆದುಕೊಂಡು ಮೊದಲ ಗೀರು ಹಾಕಿದೆ.