ಅಳತೆ ತಪ್ಪಿದ ದರ್ಜಿಯಮ್ಮ

ಆ ಬೀದಿಯಲ್ಲಿ ದರ್ಜಿಯಮ್ಮನ ಅಳತೆ ತಪ್ಪಿತು ಎಂದವರೇ ಇಲ್ಲ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಭುಜ ಇಷ್ಟು, ಸೊಂಟ ಇಷ್ಟು ಎಂದು ಕಣ್ಣಲ್ಲೇ ಹೇಳಿಬಿಡುವವಳು. ಈಗ ಸೊಸೆ ಏಳು ತಿಂಗಳ ಬಸುರಿ. ಅಜ್ಜಿಯಾಗುವ ಸಡಗರಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವಾರಕ್ಕೊಮ್ಮೆ ಸೊಸೆಯ ಹೊಟ್ಟೆಯ ಸುತ್ತ ಟೇಪು ಹಿಡಿದು ಅಳೆಯುವುದೇ ಒಂದು ಸಂಭ್ರಮ.

ಆದರೆ ಒಂದು ವಾರ ಅಳತೆ ಅವಳು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಬಂತು; ಕೂಸು ದಪ್ಪವಾಗುತ್ತಿದೆ ಎಂದು ಹೆದರಿದಳು. ಅವಳ ಸ್ವಂತ ಅಕ್ಕ ಹೆರಿಗೆಯಲ್ಲೇ ತೀರಿಹೋಗಿದ್ದಳು. ಮಗು ದಪ್ಪವಾಗಿತ್ತು, ಅದಕ್ಕೇ ಹೀಗಾಯಿತು ಎಂದು ಎಲ್ಲರೂ ಆಡಿಕೊಂಡಿದ್ದರು. ಆ ಅಳತೆ ನೋಡಿದ ದಿನದಿಂದ ಸೊಸೆಯ ತಟ್ಟೆಗೆ ಅರ್ಧ ಊಟ.

"ಅತ್ತೆ, ಹೊಟ್ಟೆ ಹಸಿಯುತ್ತೆ."

"ತಡ್ಕೋ ಮಗಳೇ. ಕೂಸು ಚಿಕ್ಕದಾಗಿದ್ರೆ ಹೆರಿಗೆ ಸಲೀಸು."

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದ ಸೊಸೆಗೆ ಕಣ್ಣು ಕತ್ತಲಿಟ್ಟಿತು. ಅಂಗಿ ಸಡಿಲ ಮಾಡಿಸಲು ಬಂದಿದ್ದ ಪಕ್ಕದ ಮನೆಯ ನರ್ಸಮ್ಮ ಓಡಿ ಹೋಗಿ ಹಿಡಿದುಕೊಂಡಳು. ಅರ್ಧ ಊಟದ ಕಥೆ ಹೊರಬಿತ್ತು.

"ಟೇಪು ಕೊಡಿ ಇಲ್ಲಿ" ಎಂದಳು ನರ್ಸಮ್ಮ. "ನಿಮ್ಮ ಅಳತೆ ಬಟ್ಟೆಗೆ ಸರಿ, ಮಗುವಿಗಲ್ಲ. ಸುತ್ತ ಅಳೆದ್ರೆ ಏನೂ ಗೊತ್ತಾಗಲ್ಲ. ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಮೇಲಕ್ಕೆ, ಗರ್ಭಕೋಶದ ತುದಿವರೆಗೆ ಅಳೀಬೇಕು. ಇವಳಿಗೆ ಇಪ್ಪತ್ತೆಂಟು ವಾರ. ಸುಮಾರು ಇಪ್ಪತ್ತೆಂಟು ಸೆಂಟಿಮೀಟರ್ ಇರ್ಬೇಕು."

"ಎಷ್ಟಿದೆ?" ನರ್ಸಮ್ಮ ಅಳೆದು ಮುಗಿಸುತ್ತಿದ್ದಂತೆ ದರ್ಜಿಯಮ್ಮ ಕೇಳಿದಳು.

"ಇಪ್ಪತ್ತೈದು."

ದರ್ಜಿಯಮ್ಮ ಸೊಸೆಯನ್ನು ತಬ್ಬಿಕೊಂಡು ಅಳತೊಡಗಿದಳು. "ಅಯ್ಯೋ, ನನ್ನ ಕೈಯಾರೆ ನಾನೇ..."

"ಅಳೋಕೆ ಟೈಮಿಲ್ಲ ಅಮ್ಮಾ, ಈಗಲೇ ಆಸ್ಪತ್ರೆಗೆ ನಡೀರಿ!"

ದಾರಿಯುದ್ದಕ್ಕೂ ದರ್ಜಿಯಮ್ಮನ ಪ್ರಶ್ನೆಗಳೇ. "ಮೆಟ್ಟಿಲು ಹತ್ತಿದ್ರೆ ಇವಳು ಏದುಸಿರು ಬಿಡ್ತಾಳಲ್ಲ, ಯಾಕೆ?"

"ಬಿಡದೆ ಏನು? ಮೈಯಲ್ಲಿರೋ ರಕ್ತ ಹತ್ತಿರ ಹತ್ತಿರ ಒಂದೂವರೆ ಪಟ್ಟು ಆಗುತ್ತೆ. ಹೃದಯಕ್ಕೆ ಡಬಲ್ ಡ್ಯೂಟಿ. ಹೆರಿಗೆಗೆ ಅಂತ ಕೀಲುಗಳೂ ಸಡಿಲ ಆಗ್ತವೆ. ನೀವು ಮುಂದೆ ಬೇಕಾಗುತ್ತೆ ಅಂತ ಹೊಲಿಗೆ ಒಳಗೆ ಎರಡು ಇಂಚು ಬಟ್ಟೆ ಬಿಡ್ತೀರಲ್ಲ, ಹೆಣ್ಣಿನ ಮೈನೂ ಹಾಗೇ. ಬೆಳೆಯೋಕೆ ಜಾಗ ಇಟ್ಟುಕೊಂಡೇ ಬಂದಿದೆ. ಇಷ್ಟೆಲ್ಲ ಕೆಲಸ ಮಾಡೋ ಮೈಗೆ ನೀವು ಊಟ ಕಡಿಮೆ ಮಾಡಿದ್ರೆ ಹೆರಿಗೆ ಸಲೀಸಾಗಲ್ಲ, ತಾಯಿ ಮಗು ಇಬ್ರಿಗೂ ಅಪಾಯ."

ಆಸ್ಪತ್ರೆಯಲ್ಲಿ ಡಾಕ್ಟರು ಸೊಸೆಯ ಹೊಟ್ಟೆಯ ಮೇಲೆ ಪುಟ್ಟ ಯಂತ್ರವನ್ನಿಟ್ಟರು. ಟಕಟಕಟಕ ಎಂದು ಕೋಣೆ ತುಂಬಾ ಸದ್ದು!

"ಇದೇನಿದು? ನನ್ನ ಹೊಲಿಗೆ ಮಷಿನ್ನಿಗಿಂತ ಜೋರು!"

"ನಿಮ್ಮ ಮೊಮ್ಮಗುವಿನ ಎದೆಬಡಿತ" ಎಂದರು ಡಾಕ್ಟರು ನಗುತ್ತಾ.

ದರ್ಜಿಯಮ್ಮ ಸೊಸೆಯ ಕೈ ಹಿಡಿದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಸ್ಕ್ಯಾನ್ ಆಯಿತು. ಮಗು ಸ್ವಲ್ಪ ಸಣ್ಣ, ಸೊಸೆಗೆ ರಕ್ತ ಕಡಿಮೆ, ಆದರೆ ಇನ್ನೂ ಸಮಯವಿದೆ ಎಂದರು. ಕಬ್ಬಿಣದ ಮಾತ್ರೆ ಬಂತು. ಮನೆಯಲ್ಲಿ ಸೊಪ್ಪು, ಬೇಳೆ, ಮೊಟ್ಟೆ, ಹಾಲು ಶುರುವಾಯಿತು. "ಸಾಕು ಅತ್ತೆ" ಎಂದು ಸೊಸೆಯೇ ಕೈ ಅಡ್ಡ ಹಿಡಿಯುವಷ್ಟು! ತಿಂಗಳು ಕಳೆದು ನರ್ಸಮ್ಮ ಅಳೆದಾಗ ಮೂವತ್ತೊಂದು. ಆಗ ಮೂವತ್ತೆರಡನೇ ವಾರ, ಒಂದೇ ಸೆಂಟಿಮೀಟರ್ ಕಡಿಮೆ. ದರ್ಜಿಯಮ್ಮ ಖುಷಿಯಿಂದ ಕೂಗಿದ ಕೂಗಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದಾಳೆಯೇ? ಮೈ ಭಾರವಾಗುವುದು, ಬೇಗ ಸುಸ್ತಾಗುವುದು, ಸಂಜೆಗೆ ಪಾದ ತುಸು ಊದುವುದು ಸಾಮಾನ್ಯ. ಆದರೆ ಮುಖ ಕೈ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ತಪಾಸಣೆ ತಪ್ಪಿಸಬೇಡಿ. ಭಯವಿದ್ದರೆ ನರ್ಸನ್ನು ಕೇಳಿ, ನಿಮ್ಮಷ್ಟಕ್ಕೆ ನೀವೇ ತೀರ್ಮಾನ ಮಾಡಬೇಡಿ. ಇವತ್ತು ಅವಳು ಊಟಕ್ಕೆ ಕೂತಾಗ ತಟ್ಟೆ ತುಂಬ ಬಡಿಸಿ, ಅವಳು ಉಂಡು ಏಳುವ ತನಕ ಪಕ್ಕದಲ್ಲೇ ಕೂತಿರಿ.