ಅಜ್ಜಿಯ ಹಸಿರು ಸೀರೆ

ಲೋಬಾನದ ಹೊಗೆ ಮೂಗಿಗೆ ಬಂದಾಗ ಸುಮಲತಾ ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುತ್ತಿದ್ದಳು. ಅವಳು ಸಣ್ಣವಳಿದ್ದಾಗ ಧಾರವಾಡದಲ್ಲಿದ್ದ ಅಪ್ಪನ ಕಿರಾಣಿ ಅಂಗಡಿಗೆ ಪ್ರತಿ ಗುರುವಾರ ಫಕೀರನೊಬ್ಬ ಇದೇ ಹೊಗೆ ಹಾಕಲು ಬರುತ್ತಿದ್ದ. ನವಿಲುಗರಿಯ ಕಟ್ಟಿನಿಂದ ಅವಳ ತಲೆ ಸವರುತ್ತಿದ್ದ. ಆ ವಾಸನೆಯೆಂದರೆ ಅವಳಿಗೆ ಬಾಯಲ್ಲೊಂದು ಬೆಲ್ಲದ ಚೂರು, ಶಾಲೆ ಬಿಟ್ಟ ಸಂಜೆ. ಇವತ್ತು ಹಳೇ ಹುಬ್ಬಳ್ಳಿಯ ಈ ಓಣಿಯಲ್ಲಿ ಅದು ಹುಸೇನಬಾಷಾನ ಹೆಣವಿಟ್ಟ ಜನಾಜಾದ ಬಳಿಯಿಂದ ಬರುತ್ತಿತ್ತು.

ಹುಸೇನಬಾಷಾ ಕೆಲಸ ಮಾಡುತ್ತಿದ್ದ ಪ್ರೆಸ್ಸಿನ ಇಕ್ಬಾಲ ಅವಳನ್ನು ಕಂಡು ಹತ್ತಿರ ಬಂದ.

"ತಡಾ ಮಾಡಿದ್ರಿ ಅಕ್ಕೋರ. ಮಾರಿ ಮುಚ್ಚಿಬಿಟ್ರು. ನಿನ್ನಿ ಸಂಜೀತನಕ ಕಂಪ್ಯೂಟರ್ ಮುಂದನ ಕುಂತಿದ್ರು. ಎದಿ ಹಿಡ್ಕೊಂಡ್ರು, ಅಷ್ಟ. ರಾಯಾಪುರದಾಗ ಬಸ್ ನಿಂತಿತ್ತೇನ್ರಿ?"

"ಹೂಂ," ಎಂದಳು.

ಬಸ್ಸು ಎಲ್ಲೂ ನಿಂತಿರಲಿಲ್ಲ. ಧೈರ್ಯ ಸಾಲದೆ ಅವಳೇ ಧಾರವಾಡದಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದ್ದಳು.

ಗಂಡಸರು ಜನಾಜಾ ಹೊತ್ತು ಓಣಿ ದಾಟಿದರು. ಹೆಂಗಸರು ಒಳಗೆ ಉಳಿದರು. ಗೋಡೆಗೊರಗಿ ಕುಳಿತಿದ್ದ ಹುಸೇನಬಾಷಾನ ಹೆಂಡತಿ ತಾಜಬಿ ಸುಮಲತಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಬಂದ್ರೇನ್ರಿ ಅಕ್ಕೋರ. ನಿಮ್ಮ ಬಣ್ಣದವರು ಹೋದ್ರು ನೋಡ್ರಿ."

ಆಚೆ ಬದಿಗೆ ಹುಸೇನಬಾಷಾನ ಅಕ್ಕ ಶಹಜಹಾನಬೇಗಂ ಕುಳಿತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಅತ್ತು ಅತ್ತು ದಣಿದು ಈಗ ಮಾತಿಗೆ ಹತ್ತಿದ್ದಳು.

"ಸಂತ್ಯಾಗ ಒಂದೊಂದ ಟೊಮ್ಯಾಟೊ ಎತ್ತಿ ಬಿಸಲಿಗೆ ಹಿಡೀತಿದ್ದ. ಮಾರೋ ಬೀರವ್ವ, 'ಏ ಸಾಹೇಬಾ, ಪಲ್ಯಾ ಒಯ್ಯಾಕ ಬಂದೀಯೋ, ಹೆಣ್ಣ ನೋಡಾಕ ಬಂದೀಯೋ' ಅಂತಿದ್ಲು."

"ನಾ ಕಾಲೇಜಿಗೆ ಹೊಂಟ್ರ ಬಾಗಲದಾಗ ನಿಂದರಸ್ತಿದ್ದ ಅಬ್ಬಾ," ಎಂದಳು ಮಗಳು ಫಿಜಾ. "'ಆ ಓಢಣಿ ಬದ್ಲಿ ಮಾಡವಾ, ಅಂಗಿ ಜೋಡಿ ಜಗಳಾ ಆಡಾಕತ್ತೈತಿ' ಅಂತ."

ಹೆಂಗಸರು ನಕ್ಕರು. ನಗುತ್ತಿದ್ದ ಫಿಜಾ ಅತ್ತೆಯ ಹೆಗಲಿಗೆ ಮುಖ ಒತ್ತಿ ಬಿಕ್ಕಿದಳು. ಸುಮಲತಾ ನೆಲ ನೋಡುತ್ತ ಕುಳಿತಳು.

*

ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಸುಮಲತಾ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದಳು. ಬರೀ ಕಪ್ಪು ಶಾಯಿ, ನೀರು ಬೆರೆಸಿದ ಬೂದು. ಪ್ರೆಸ್ಸಿನಲ್ಲಿ ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಬೂದಿಬಣ್ಣದ ಆ ಚಿತ್ರಕ್ಕೆ ಬಣ್ಣ ತುಂಬುವುದು ಹುಸೇನಬಾಷಾನ ಕೆಲಸ. ಹರೆಯದಲ್ಲಿ ಅವನು ಫೋಟೋ ಸ್ಟುಡಿಯೋದಲ್ಲಿ ಕೂತು ಕಪ್ಪುಬಿಳುಪು ಫೋಟೋಗಳ ಕೆನ್ನೆ ತುಟಿಗಳಿಗೆ ಕುಂಚದಿಂದ ರಂಗು ಹಚ್ಚಿದವನು. ಐವತ್ತರ ಹತ್ತಿರ ಬಂದಾಗ ಮೌಸ್ ಹಿಡಿಯಲು ಕಲಿತ.

ಅವಳ ಮೂಲ ಚಿತ್ರವನ್ನು ಅವನು ಮುಟ್ಟುತ್ತಿರಲಿಲ್ಲ. ಅದರ ಮೇಲೆ ಗಾಜಿನ ಹಾಳೆ ಇಟ್ಟ ಹಾಗೆ ಒಂದೊಂದು ಬಣ್ಣಕ್ಕೆ ಒಂದೊಂದು ಪದರ ಇಡುತ್ತಿದ್ದ. "ನಿಮ್ಮ ನೆರಳು ಹಂಗ ಇರ್ತೈತ್ರಿ ಅಕ್ಕೋರ. ನಾ ಬರೇ ಮ್ಯಾಲೆ ಹಾಯ್ದು ಹೋಗ್ತೇನಿ," ಎನ್ನುತ್ತಿದ್ದ. ಒಮ್ಮೆ ಭತ್ತದ ಗದ್ದೆಯ ಚಿತ್ರಕ್ಕೆಂದು ರಜೆಯ ದಿನ ಧಾರವಾಡದ ಹತ್ತಿರದ ಮುಗದ ಹಳ್ಳಿಗೆ ಹೋಗಿ, ಮಾಗಿದ ತೆನೆಯೊಂದನ್ನು ಜೇಬಿನಲ್ಲಿ ತಂದು ಪರದೆಯ ಪಕ್ಕ ಹಿಡಿದು ನೋಡಿದ್ದ.

ಮೂರು ವರ್ಷಗಳ ಹಿಂದೆ, ಗರಗ ಹಳ್ಳಿಯಲ್ಲಿ ಖಾದಿ ನೂಲುವ ಅಜ್ಜಿಯೊಬ್ಬಳ ಕತೆ ಚಿತ್ರಕ್ಕೆ ಬಂತು. ಗಂಡನಿಲ್ಲದ ಅಜ್ಜಿ. ಸೀರೆ ಬಿಳಿಯಿರಲಿ ಎಂದು ಸುಮಲತಾ ಹೇಳಿ ಹೋಗಿದ್ದಳು. ಮುದ್ರಣದ ದಿನ ಬಂದು ನೋಡಿದರೆ ಪರದೆಯ ಮೇಲೆ ಅಜ್ಜಿ ಎಳೆ ಹುಣಸೆಚಿಗುರಿನ ಹಸಿರು ಸೀರೆಯುಟ್ಟು ಕುಳಿತಿದ್ದಳು.

"ಯಾರನ್ನ ಕೇಳಿ ಮಾಡಿದ್ರಿ ಚಾಚಾ ಇದನ್ನ? ಬಿಳಿ ಅಂತ ಹೇಳಿದ್ದಿಲ್ಲೇನು?"

"ಹೇಳಿದ್ರಿ ಅಕ್ಕೋರ. ಆದ್ರ ನಮ್ಮ ಅಮ್ಮಾ..."

"ಇದು ಸ್ಟುಡಿಯೋದಾಗ ತುಟಿಗೆ ಕೆಂಪ ಹಚ್ಚೋ ಕೆಲಸ ಅಲ್ರಿ! ಚಿತ್ರಾ ನಂದು. ನೀವು ಬರೇ ಬಣ್ಣಾ ತುಂಬೋರು."

ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ತಲೆ ಎತ್ತಿದರು. ಹುಸೇನಬಾಷಾ ಕರ್ಚೀಫು ತೆಗೆದು, ಸ್ವಚ್ಛವಾಗಿಯೇ ಇದ್ದ ಪರದೆಯನ್ನು ಒರೆಸಿದ.

"ತಪ್ಪಾತ್ರಿ," ಎಂದ.

ಮುಖಪುಟ ಮುದ್ರಿಸುವ ಪ್ಲೇಟು ಬೆಳಿಗ್ಗೆಯೇ ಆಗಿಹೋಗಿತ್ತು, ಇನ್ನು ಬದಲಿಸುವಂತಿರಲಿಲ್ಲ. ಪುಸ್ತಕ ಹಾಗೆಯೇ ಬಂತು. ಚಿತ್ರದ ಜೊತೆ ಬಣ್ಣದವರ ಹೆಸರೂ ಹಾಕೋಣವೇ ಎಂದು ಪ್ರಕಾಶಕರು ಕೇಳಿದ್ದಾಗ, "ಬ್ಯಾಡ ಬಿಡ್ರಿ, ಅದೇನ್ ದೊಡ್ಡ ಕೆಲಸ," ಎಂದಿದ್ದಳು.

ಕಂಡವರೆಲ್ಲ ಆ ಹಸಿರನ್ನೇ ಹೊಗಳಿದರು. ಧಾರವಾಡದಲ್ಲಿ ಪುಸ್ತಕಕ್ಕೆ ಬಹುಮಾನ ಕೊಟ್ಟ ಸಭೆಯಲ್ಲಿ ಒಬ್ಬರು ಎದ್ದು, ಅದು ಹೇಗೆ ಹೊಳೆಯಿತು ಎಂದು ಕೇಳಿದರು.

"ಅಜ್ಜಿಯ ಬಾಳು ಬಾಡಿಲ್ಲ ಅಂತ ತೋರಿಸಬೇಕಿತ್ತು," ಎಂದಳು ಸುಮಲತಾ. "ಬಹಳ ದಿನ ಯೋಚಿಸಿ ಆರಿಸಿದೆ."

ಮೂರನೆಯ ಸಾಲಿನಲ್ಲಿ ಮೊದಲು ಚಪ್ಪಾಳೆ ತಟ್ಟಿದವನು ಹುಸೇನಬಾಷಾ. ಸಭೆ ಮುಗಿದ ಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಬಂದು ಚಹಾದ ಕಪ್ಪು ಮುಂದೆ ಹಿಡಿದಿದ್ದ. "ಚಹಾ ತಗೋರಿ ಅಕ್ಕೋರ. ಮಾತಾಡಿ ಗಂಟಲಾ ಒಣಗಿರ್ತೈತಿ."

ಅವಳು ಕುಡಿದಿದ್ದಳು.

*

"ಆಪಾ, ಆ ನೂಲೋ ಅಜ್ಜಿ ಪುಸ್ತಕಾ ಇವರದ," ಎಂದು ತಾಜಬಿ ಗಂಡನ ಅಕ್ಕನಿಗೆ ಹೇಳುತ್ತಿದ್ದಳು. "ಯಾವ ಬಣ್ಣಾ ಎಲ್ಲಿ ಅಂತ ಎಲ್ಲಾ ಅಕ್ಕೋರ ಹೇಳ್ತಾರ, ನಾ ಬರೇ ಬಟನ್ ಒತ್ತಾಂವ ಅಂತಿದ್ರು ನಮ್ಮನಿಯವರು."

ಶಹಜಹಾನಬೇಗಂ ಕಣ್ಣು ಕಿರಿದು ಮಾಡಿ ಸುಮಲತಾಳನ್ನು ನೋಡಿದಳು. "ಅಜ್ಜಿ ಸೀರಿ ಹಸರೂ ಇವರ ಹೇಳಿದ್ರ?"

"ಹೂಂ, ಅದೂನು," ಎಂದಳು ತಾಜಬಿ.

"ಖರೇ ಏನ್ರಿ ಅಕ್ಕೋರ?" ಎಂದು ಮುದುಕಿ ಸುಮಲತಾಳನ್ನೇ ಕೇಳಿದಳು.

ಹೂಂ ಅಂದರೆ ಮುಗಿಯುತ್ತಿತ್ತು. ಅಲ್ಲ ಅನ್ನುವವನನ್ನು ಆಗಲೇ ಹೊತ್ತು ಒಯ್ದಿದ್ದರು. ಸುಮಲತಾ ತಾಜಬಿಯ ಹಿಡಿತದಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಲ್ರಿ. ಆ ಹಸರು ಅವರದು. ನಾ ಬಿಳಿ ಹೇಳಿದ್ದೆ. ಎಲ್ಲಾರ ಮುಂದ ಬೈದೆ ಅವರಿಗೆ. ಆಮ್ಯಾಲ ಜನಾ ಹೊಗಳಿದಾಗ ನಂದು ಅಂತ ಹೇಳ್ಕೊಂಡೆ. ಪುಸ್ತಕದಾಗ ಅವರ ಹೆಸರು ಬ್ಯಾಡ ಅಂದಾಕಿನೂ ನಾನ."

ತಾಜಬಿ ಖಾಲಿಯಾದ ತನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಮತ್ತ ನಮ್ಮ ಮುಂದ ಯಾಕ ಹಂಗ ಹೇಳಿದ ಅಬ್ಬಾ?" ಎಂದಳು ಫಿಜಾ.

"ಅದು ನಮ್ಮ ಅಮ್ಮಾನ ಸೀರಿ," ಎಂದಳು ಶಹಜಹಾನಬೇಗಂ. "ಅಪ್ಪಾ ಸತ್ತ ಮ್ಯಾಲೂ ಅದ ಬಣ್ಣಾ ಉಡ್ತಿದ್ಲು. ಮಕ್ಕಳಿಗೆ ಮನಿ ಕಳಾಹೀನ ಅನಸಬಾರ್ದು ಅಂತ. ತಾಜಬಿ ಈ ಮನಿಗೆ ಬರೂಕಿಂತ ಮೊದಲ ಅಮ್ಮಾ ತೀರಿಹೋದ್ಲು, ಈಕಿಗೆ ಗೊತ್ತಿಲ್ಲ. ಪುಸ್ತಕಾ ನೋಡಿದ ಕೂಡಲೆ ನಾ ಗುರ್ತು ಹಿಡದೆ. ಕೇಳಿದ್ರ ನಕ್ಕ, ಏನೂ ಅನಲಿಲ್ಲ."

ಸೆರಗಿನಿಂದ ಮೂಗು ಒರೆಸಿಕೊಂಡಳು.

"ಈ ಮಾತು ನಿನ್ನಿ ಹೇಳಿದ್ರ ಅಂವ ಕೇಳತಿದ್ದ."

ತಾಜಬಿ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ರತ್ನವ್ವ ರೊಟ್ಟಿಯ ಬುಟ್ಟಿ ಹೊತ್ತು ಬಂದಳು. ಹಿಂದೆಯೇ ಅವಳ ಸೊಸೆ ಬೇಳೆಸಾರಿನ ಪಾತ್ರೆ ಹಿಡಿದು ಬಂದಳು. "ಏಳ್ರಿ, ಒಂದೊಂದ ತುತ್ತರ ತಿನ್ರಿ. ನಿನ್ನಿ ಸಂಜಿಯಿಂದ ಯಾರ ಹೊಟ್ಟಿಗೂ ಏನೂ ಬಿದ್ದಿಲ್ಲ."

ಆ ಗದ್ದಲದಲ್ಲಿ ಸುಮಲತಾ ಎದ್ದು ಬಾಗಿಲವರೆಗೆ ಬಂದಳು. ಹೊಸ್ತಿಲ ಬಳಿ ಅಷ್ಟೊಂದು ಚಪ್ಪಲಿಗಳ ನಡುವೆ ತನ್ನದು ಯಾವುದೆಂದು ತಿಳಿಯದೆ ಕಣ್ಣು ಮಂಜಾಗಿ ನಿಂತಳು.

"ಎಲ್ಲಿಗೆ ಹೊಂಟಿ?" ಹಿಂದಿನಿಂದ ಶಹಜಹಾನಬೇಗಂ ಅಂದಳು. "ಕುಂಡ್ರು."

ಸುಮಲತಾ ಅಲ್ಲೇ ಹೊಸ್ತಿಲ ಒಳಗೆ ಕುಳಿತಳು. ಮುದುಕಿ ಮೊಣಕಾಲಿಗೆ ಕೈ ಊರಿ ಎದ್ದು, ರೊಟ್ಟಿಯ ಮೇಲೆ ಬೇಳೆ ಹಾಕಿದ ತಾಟನ್ನು ತಾನೇ ತಂದಳು. ಮುಖ ಮಾತ್ರ ನೋಡಲಿಲ್ಲ. ಸುಮಲತಾ ಎರಡೂ ಕೈ ಚಾಚಿದಳು. ಶಹಜಹಾನಬೇಗಂ ಬಾಗಿ ನಿಂತೇ ಇದ್ದಳು; ತಾಟು ಸುಮಲತಾಳ ಮಡಿಲಲ್ಲಿ ಸರಿಯಾಗಿ ಕೂರುವ ತನಕ ಅದರ ಅಂಚು ಬಿಡಲಿಲ್ಲ.